ಕಾಲಲ್ಲಿ ಬಲವಿದ್ದರೆ ಯಾವ ದಾರಿ? ಪಂಟರ್, ಕಿಕ್ಕರ್, ಲಾಂಗ್ ಸ್ನ್ಯಾಪರ್: ಒಂದು ಹೋಲಿಕೆ

ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಒಂದೊಂದು ತಂಡದಲ್ಲಿ 53 ಆಟಗಾರರು. ಅವರಲ್ಲಿ ಪಂಟರ್, ಅಂದರೆ ಚೆಂಡನ್ನು ಕೈಯಿಂದ ಬಿಟ್ಟು ದೂರ ಒದೆಯುವವನು, ಸಾಮಾನ್ಯವಾಗಿ ಒಬ್ಬನೇ. ಅಂದರೆ ಅಮೆರಿಕನ್ ಫುಟ್‌ಬಾಲಿನ ಅತಿ ದೊಡ್ಡ ಲೀಗಿನಲ್ಲಿ ಈ ಕೆಲಸಕ್ಕೆ ಇರುವುದು ಹೆಚ್ಚುಕಡಿಮೆ 32 ಜಾಗ. ಕ್ರಿಕೆಟ್ ತಂಡದ ವಿಕೆಟ್ ಕೀಪರ್ ಜಾಗದ ಹಾಗೆ, ಒಬ್ಬರು ಗಟ್ಟಿಯಾಗಿ ಕೂತರೆ ಹಿಂದಿನವರು ವರ್ಷಗಟ್ಟಲೆ ಕಾಯಬೇಕು. ಜೆಫ್ ಫೀಗಲ್ಸ್ 1988ರಲ್ಲಿ ಲೀಗಿಗೆ ಬಂದವರು 2009ರವರೆಗೆ ಆಡಿದರು. 22 ಸೀಸನ್, ಸತತ 352 ಪಂದ್ಯ. ಅಷ್ಟು ವರ್ಷ ಅವರು ಒಂದು ಪಂದ್ಯಕ್ಕೂ ರಜೆ ಹಾಕಲಿಲ್ಲ.

ಇದು ನಮಗ್ಯಾಕೆ ಅಂತ ಕೇಳಬಹುದು. ಟೆಕ್ಸಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಬೆಳೆಯುತ್ತಿರುವ ಕನ್ನಡಿಗರ ಮಕ್ಕಳಲ್ಲಿ ಸಾಕರ್ (ನಾವು ಫುಟ್‌ಬಾಲ್ ಅನ್ನುವ ಆಟ) ಆಡುವವರು ಬೇಕಾದಷ್ಟು ಇದ್ದಾರೆ. ಹೈಸ್ಕೂಲಿನ ಫುಟ್‌ಬಾಲ್ ಕೋಚ್‌ಗಳು ಚೆಂಡು ಒದೆಯುವವರನ್ನು ಹುಡುಕುವುದೂ ಸಾಕರ್ ಮೈದಾನದಲ್ಲೇ. ಒಂದು ದಿನ ಮಗ ಮನೆಗೆ ಬಂದು "ಅಮ್ಮಾ, ಕೋಚ್ ನನ್ನನ್ನು ಫುಟ್‌ಬಾಲ್‌ಗೆ ಕರೀತಿದ್ದಾರೆ" ಅಂದರೆ ಅಮ್ಮನಿಗೆ ಮೊದಲು ನೆನಪಾಗುವುದು ತಲೆಗೆ ಬೀಳುವ ಪೆಟ್ಟು. ಅಪ್ಪನಿಗೆ ಗಣಿತದ ಮಾರ್ಕ್ಸ್. ಈ ಬರಹ ಅಂಥ ಮನೆಗಳಿಗೆ. ದೂರದಿಂದ ಕುತೂಹಲಕ್ಕೆ ಓದುವವರಿಗೂ ಅಡ್ಡಿಯಿಲ್ಲ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ದಾರಿಗಳಲ್ಲಿ ಒಂದನ್ನು ಆರಿಸುವಾಗ ಕಾಲಿನ ಬಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಯಾವ ಬಗೆಯ ಸೋಲನ್ನು ನೀವು ತಡೆದುಕೊಳ್ಳಬಲ್ಲಿರಿ?

ಪಂಟರ್ ಮಾಡುವ ಕೆಲಸ

ಹತ್ತು ಯಾರ್ಡ್ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶ. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವುದು ವಾಡಿಕೆ. ಇದ್ದಲ್ಲೇ ಬಿಟ್ಟುಕೊಟ್ಟರೆ ನಷ್ಟ. ಅದಕ್ಕೇ ಆದಷ್ಟು ದೂರ ಒದ್ದು ಬಿಟ್ಟುಕೊಡುತ್ತಾರೆ. ಆ ಒದೆತವೇ ಪಂಟ್.

ಪಂಟರ್ ಸುಮಾರು 15 ಯಾರ್ಡ್ ಹಿಂದೆ ನಿಂತಿರುತ್ತಾನೆ. ಲಾಂಗ್ ಸ್ನ್ಯಾಪರ್ ಬಗ್ಗಿ ನಿಂತು ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ (ಇದೇ ಸ್ನ್ಯಾಪ್). ಅದನ್ನು ಹಿಡಿಯಬೇಕು, ಕೈಯಲ್ಲೇ ಸರಿಯಾಗಿ ತಿರುಗಿಸಿಕೊಳ್ಳಬೇಕು, ಎರಡು ಹೆಜ್ಜೆ ಹಾಕಿ ಕೈಬಿಡಬೇಕು, ನೆಲ ಮುಟ್ಟುವ ಮೊದಲೇ ಒದೆಯಬೇಕು. ಎಲ್ಲ ಸೇರಿ ಸುಮಾರು 2 ಸೆಕೆಂಡ್. ಅಷ್ಟರೊಳಗೆ ನೂರು ಕಿಲೋ ದಾಟಿದ ಒಂದಷ್ಟು ಜನ ಮೈಮೇಲೆ ನುಗ್ಗುತ್ತಿರುತ್ತಾರೆ. ಒದ್ದ ಮೇಲೆ ಪಂಟರ್‌ಗೆ ಜೋರಾಗಿ ಗುದ್ದಿದರೆ 15 ಯಾರ್ಡ್ ದಂಡ, ಜೊತೆಗೆ ಚೆಂಡೂ ಅವನ ತಂಡಕ್ಕೇ ವಾಪಸ್. ಅಮ್ಮಂದಿರಿಗೆ ಸ್ವಲ್ಪ ಸಮಾಧಾನ ಕೊಡುವ ನಿಯಮ ಇದು. ಹಾಗಂತ ಪೆಟ್ಟೇ ಬೀಳುವುದಿಲ್ಲ ಅಂತಲ್ಲ.

ದೂರ ಒಂದೇ ಲೆಕ್ಕವಲ್ಲ. ಚೆಂಡು ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೆ ಅನ್ನುವುದಕ್ಕೆ ಹ್ಯಾಂಗ್ ಟೈಮ್ ಅನ್ನುತ್ತಾರೆ. 4.5 ಸೆಕೆಂಡ್ ದಾಟಿದರೆ ಒಳ್ಳೆಯದು. 60 ಯಾರ್ಡ್ ದೂರ ಹೋಗಿ 4 ಸೆಕೆಂಡಿಗೆ ಕೆಳಗಿಳಿದ ಚೆಂಡನ್ನು ಎದುರಾಳಿ ಹಿಡಿದು ಆರಾಮಾಗಿ ವಾಪಸ್ ಓಡಿಕೊಂಡು ಬರುತ್ತಾನೆ. 45 ಯಾರ್ಡ್ ಹೋಗಿ 4.8 ಸೆಕೆಂಡ್ ಮೇಲಿದ್ದರೆ ಅಷ್ಟರಲ್ಲಿ ನಮ್ಮವರು ಅವನ ಮುಂದೆ ನಿಂತಿರುತ್ತಾರೆ. ಚೆಂಡು ಗೋಲ್ ಗೆರೆ ದಾಟಿ ಸತ್ತರೆ ಎದುರಾಳಿ 20 ಯಾರ್ಡ್ ಗೆರೆಯಿಂದ ಆಟ ಶುರುಮಾಡುತ್ತಾನೆ. ಅದೂ ಪಂಟರ್ ಲೆಕ್ಕದಲ್ಲೇ ಕಳೆಯುತ್ತದೆ. ಹೀಗೆ ಕಳೆದು ಉಳಿದದ್ದು ನಿವ್ವಳ ಸರಾಸರಿ. ಕೋಚ್‌ಗಳು ನೋಡುವುದು ಇದನ್ನು. ಜಾನಿ ಹೆಕ್ಕರ್ 2016ರಲ್ಲಿ ನಿವ್ವಳ 46 ಯಾರ್ಡ್ ತಲುಪಿದಾಗ ಅದು ದಾಖಲೆಯಾಗಿತ್ತು. ಪೇಪರ್‌ನವರಿಗೆ ಇಷ್ಟವಾಗುವುದು ಒಟ್ಟು ಸರಾಸರಿ. ಸ್ಯಾಮಿ ಬಾ 1940ರಲ್ಲಿ 51.4 ಯಾರ್ಡ್ ಮಾಡಿದ್ದು ಎಂಟು ದಶಕ ಹಾಗೇ ಉಳಿದಿತ್ತು. 2022ರಲ್ಲಿ ಟೈಟನ್ಸ್ ತಂಡಕ್ಕೆ ಹೊಸದಾಗಿ ಬಂದ ರಯಾನ್ ಸ್ಟೋನ್‌ಹೌಸ್ 53.1 ಮಾಡಿ ಅದನ್ನು ಮುರಿದರು.

ಪಂಟರೋ, ಕಿಕ್ಕರೋ?

ಇಬ್ಬರೂ ಒದೆಯುವವರೇ, ಆದರೆ ಬದುಕು ಬೇರೆ ಬೇರೆ. ಕಿಕ್ಕರ್ ನೆಲದ ಮೇಲೆ ನಿಲ್ಲಿಸಿದ ಚೆಂಡನ್ನು ಕಂಬಗಳ ನಡುವೆ ಕಳಿಸಿ ಪಾಯಿಂಟ್ ತರುತ್ತಾನೆ. ಹೀಗೆ ಹೊಡೆಯುವುದಕ್ಕೆ ಫೀಲ್ಡ್ ಗೋಲ್ ಅನ್ನುತ್ತಾರೆ. ಸಾಕರ್‌ನಲ್ಲಿ ಫ್ರೀ ಕಿಕ್ ಹೊಡೆದು ರೂಢಿಯಿರುವ ಹುಡುಗನಿಗೆ ಇದು ಬೇಗ ಒಗ್ಗುತ್ತದೆ. ಪಂಟ್ ಹಾಗಲ್ಲ. ಅಲ್ಲಿ ಕಾಲಿಗಿಂತ ಕೈ ಮುಖ್ಯ. ಚೆಂಡನ್ನು ಬಿಡುವಾಗ ಮೂತಿ ಒಂದಿಷ್ಟು ವಾಲಿದರೂ ಒದೆತ ಪಕ್ಕಕ್ಕೆ ಸಿಡಿಯುತ್ತದೆ. ಸಾಕರ್ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದವರಿಗೆ ಕೈಯಿಂದ ಬಿಟ್ಟು ಒದೆಯುವ ಅಭ್ಯಾಸ ಮೊದಲೇ ಇರುತ್ತದೆ. ಎತ್ತರವೂ ಇದ್ದರೆ ಮೊದಲು ಪಂಟ್ ನೋಡಲಿ ಅನ್ನುತ್ತೇನೆ.

ದುಡ್ಡು ಕಿಕ್ಕರ್‌ಗೆ ಜಾಸ್ತಿ. ಹ್ಯಾರಿಸನ್ ಬಟ್ಕರ್ 2024ರಲ್ಲಿ ಮಾಡಿಕೊಂಡ ಒಪ್ಪಂದ ವರ್ಷಕ್ಕೆ 64 ಲಕ್ಷ ಡಾಲರ್. ಮೈಕಲ್ ಡಿಕ್ಸನ್ ಒಳ್ಳೊಳ್ಳೆ ಪಂಟರ್‌ಗಳಲ್ಲಿ ಒಬ್ಬರು. 2021ರಲ್ಲಿ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 1 ಕೋಟಿ 45 ಲಕ್ಷ ಡಾಲರ್. ವರ್ಷಕ್ಕೆ ಹಂಚಿದರೆ 36 ಲಕ್ಷ ಚಿಲ್ಲರೆ. ಇವು ಮೇಲಿನ ತುದಿಯ ಲೆಕ್ಕ. ಕೆಳಗಿನ ತುದಿ ಇಬ್ಬರಿಗೂ ಒಂದೇ: 2025ರಲ್ಲಿ ಹೊಸಬರ ಕನಿಷ್ಠ ಸಂಬಳ 8,40,000 ಡಾಲರ್. ರೂಪಾಯಿಗೆ ತಿರುಗಿಸಿದರೆ 7 ಕೋಟಿ ದಾಟುತ್ತದೆ. ಆದರೆ ಇದು ತಿಂಗಳ ಸಂಬಳದ ನೌಕರಿ ಅಲ್ಲ. ಸೀಸನ್ ನಡೆಯುವ ವಾರಗಳಿಗೆ ಹಂಚಿ ಕೊಡುತ್ತಾರೆ. ಮೂರನೇ ವಾರಕ್ಕೆ ತೆಗೆದುಹಾಕಿದರೆ ಹೊಸಬನಿಗೆ ಸಾಮಾನ್ಯವಾಗಿ ಮೂರು ವಾರದ ಹಣವಷ್ಟೇ.

ಹಾಗಾದರೆ ಕಿಕ್ಕರ್ ಕೆಲಸವೇ ಮೇಲು ಅಲ್ವಾ? ಇಲ್ಲೇ ಸೋಲಿನ ಪ್ರಶ್ನೆ ಬರುವುದು. ಕಿಕ್ಕರ್ ತಪ್ಪಿದರೆ ಇಡೀ ಕ್ರೀಡಾಂಗಣಕ್ಕೆ ಗೊತ್ತಾಗುತ್ತದೆ. ಎರಡು ವಾರ ತಪ್ಪಿದರೆ ಮಂಗಳವಾರ ಬೇರೆ ಕಿಕ್ಕರ್‌ಗಳನ್ನು ಕರೆಸಿ ಪರೀಕ್ಷೆ ಮಾಡುತ್ತಾರೆ. ಆ ಲೀಗಿನಲ್ಲಿ ಟ್ರೈಔಟ್ ನಡೆಯುವುದು ಹೆಚ್ಚಾಗಿ ಮಂಗಳವಾರವೇ. ಪಂಟರ್ 38 ಯಾರ್ಡ್ ಒದ್ದರೆ ಕೋಚ್ ಮುಖ ಸಿಂಡರಿಸುತ್ತಾರೆ, ನೋಡುವವರಲ್ಲಿ ಅರ್ಧ ಜನ ಗಮನಿಸುವುದೂ ಇಲ್ಲ. ಅವನ ಕೆಟ್ಟ ದಿನ ಅಂಕಿಗಳಲ್ಲಿ ಕರಗಿಹೋಗುತ್ತದೆ.

ಯಾವಾಗಲೂ ಅಲ್ಲ. 2015ರ ಅಕ್ಟೋಬರ್ 17ರ ಕಾಲೇಜು ಪಂದ್ಯದಲ್ಲಿ ಮಿಷಿಗನ್ ತಂಡ ಮಿಷಿಗನ್ ಸ್ಟೇಟ್ ವಿರುದ್ಧ ಮುಂದಿತ್ತು. ಉಳಿದದ್ದು 10 ಸೆಕೆಂಡ್. ಒಂದು ಪಂಟ್ ಒದ್ದರೆ ಮುಗಿಯುತ್ತಿತ್ತು. ಆಸ್ಟ್ರೇಲಿಯಾದಿಂದ ಬಂದಿದ್ದ ಬ್ಲೇಕ್ ಓನೀಲ್ ಕೈಗೆ ಸ್ನ್ಯಾಪ್ ಸರಿಯಾಗಿ ಸಿಗಲಿಲ್ಲ. ಕೈತಪ್ಪಿದ ಚೆಂಡನ್ನು ಎದುರಾಳಿ ಹಿಡಿದುಕೊಂಡು ಓಡಿ ಗೆದ್ದುಬಿಟ್ಟ. 27-23. ಅದೇ ದಿನ ಅದೇ ಓನೀಲ್ 80 ಯಾರ್ಡ್ ಹೋದ ಪಂಟ್ ಒಂದನ್ನು ಒದ್ದಿದ್ದರು. ಅದು ಯಾರಿಗೂ ನೆನಪಿಲ್ಲ. ಪಂದ್ಯ ಮುಗಿದ ಮೇಲೆ ಅವರಿಗೆ ಬಂದ ಬೈಗುಳ ಎಷ್ಟಿತ್ತೆಂದರೆ, ಹಾಗೆ ಮಾಡಬೇಡಿ ಅಂತ ಯೂನಿವರ್ಸಿಟಿಯೇ ಅಭಿಮಾನಿಗಳನ್ನು ಕೇಳಿಕೊಳ್ಳಬೇಕಾಯಿತು. ಪಂಟರ್‌ಗೆ ಇಂಥ ದಿನ ಅಪರೂಪ. ಕಿಕ್ಕರ್‌ಗೆ ಪ್ರತಿ ವಾರವೂ ಅದರ ಬಾಗಿಲು ತೆರೆದೇ ಇರುತ್ತದೆ.

ಕಿಕ್ಕರ್ ಪರವಾಗಿ ಒಂದು ಮಾತು ಹೇಳಲೇಬೇಕು. ತಡವಾಗಿ ಬರುವವರಿಗೆ ಆ ಬಾಗಿಲು ಸ್ವಲ್ಪ ಅಗಲ. ಬ್ರ್ಯಾಂಡನ್ ಆಬ್ರಿ ನೋಟರ್ ಡೇಮ್‌ನಲ್ಲಿ ಸಾಕರ್ ಆಡಿದವರು. ವೃತ್ತಿಪರ ಸಾಕರ್‌ನಲ್ಲಿ ನೆಲೆ ಸಿಗದೆ ಸಾಫ್ಟ್‌ವೇರ್ ಎಂಜಿನಿಯರ್ ಆದರು. ನಮ್ಮವರಿಗೆ ಗೊತ್ತಿರುವ ದಾರಿ! ಆಮೇಲೆ ಒದೆಯಲು ಕಲಿತು, ಯುಎಸ್‌ಎಫ್‌ಎಲ್ ಎಂಬ ಸಣ್ಣ ಲೀಗಿನಲ್ಲಿ ಆಡಿ, 2023ರಲ್ಲಿ ಡಲ್ಲಾಸ್ ಕೌಬಾಯ್ಸ್ ಸೇರಿದರು. ಮೊದಲ 35 ಫೀಲ್ಡ್ ಗೋಲ್‌ಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಡೆಟ್ರಾಯಿಟ್‌ನ ಜೇಕ್ ಬೇಟ್ಸ್ ಇಟ್ಟಿಗೆ ಮಾರುವ ಕೆಲಸ ಮಾಡುತ್ತಿದ್ದರು. ಕಾಲೇಜಿನಲ್ಲಿ ಒಂದೂ ಫೀಲ್ಡ್ ಗೋಲ್ ಹೊಡೆದವರಲ್ಲ. 2024ರಲ್ಲಿ ಯುಎಫ್‌ಎಲ್ ಎಂಬ ಇನ್ನೊಂದು ಸಣ್ಣ ಲೀಗಿನಲ್ಲಿ 64 ಯಾರ್ಡಿನ ಗೋಲ್ ಹೊಡೆದರು, ಅದೇ ವರ್ಷ ಲಯನ್ಸ್ ಕರೆಯಿತು.

ಮಗಳಿದ್ದರೂ ಇದು ಓದಿ. ಸಾರಾ ಫುಲ್ಲರ್ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಸಾಕರ್ ಗೋಲ್‌ಕೀಪರ್. 2020ರಲ್ಲಿ ಅಲ್ಲಿನ ಪುರುಷರ ಫುಟ್‌ಬಾಲ್ ತಂಡಕ್ಕೆ ಕಿಕ್ಕರ್ ಆಗಿ ಇಳಿದು ಪಾಯಿಂಟ್ ಗಳಿಸಿದರು.

ಇನ್ನು ಲಾಂಗ್ ಸ್ನ್ಯಾಪರ್

ಒದೆಯುವ ಮಕ್ಕಳ ಅಪ್ಪಂದಿರಿಗೆ ಇದು ಹೊಳೆಯುವುದೇ ಇಲ್ಲ. ಕೆಲಸ ಒಂದೇ: ತಲೆಕೆಳಗಾಗಿ ನೋಡುತ್ತ, 15 ಯಾರ್ಡ್ ಹಿಂದಿರುವ ಪಂಟರ್ ಕೈಗೆ ಮುಕ್ಕಾಲು ಸೆಕೆಂಡಿನಲ್ಲಿ ಚೆಂಡು ತಲುಪಿಸುವುದು. ಹೆಸರು ಬರುವುದು ತಪ್ಪಿದಾಗ ಮಾತ್ರ. ಸಂಬಳ ಕನಿಷ್ಠದ ಸುತ್ತಮುತ್ತಲೇ. ಆದರೆ ಒಮ್ಮೆ ನಂಬಿಕೆ ಬಂದರೆ ತಂಡದವರು ಸುಮ್ನೆ ಬದಲಾಯಿಸುವುದಿಲ್ಲ. ಷಿಕಾಗೋ ಬೇರ್ಸ್‌ನ ಪ್ಯಾಟ್ರಿಕ್ ಮ್ಯಾನೆಲಿ 16 ಸೀಸನ್ ಒಂದೇ ತಂಡದಲ್ಲಿದ್ದರು. ಇದಕ್ಕೆ ನೂರು ಕಿಲೋ ಮೀರಿದ ಮೈ ಬೇಕು. ತೆಳ್ಳಗೆ ಉದ್ದಗಿರುವ ಹುಡುಗನಿಗೆ ಇದು ಆಗದ ಮಾತು.

ಕೈ ಕೂಡ ಮಾರಾಟಕ್ಕಿದೆ

ಪಂಟರ್ ಆಗಲು ಹೊರಟವನು ಹೋಲ್ಡಿಂಗ್ ಕಲಿಯದಿದ್ದರೆ ಅರ್ಧ ಕೆಲಸ ಬಿಟ್ಟ ಹಾಗೆ. ಫೀಲ್ಡ್ ಗೋಲ್ ಹೊಡೆಯುವಾಗ ಮಂಡಿಯೂರಿ ಕೂತು, ಸ್ನ್ಯಾಪ್ ಹಿಡಿದು, ಹೊಲಿಗೆ ಕಿಕ್ಕರ್ ಕಡೆಗೆ ಬಾರದಂತೆ ಚೆಂಡನ್ನು ತಿರುಗಿಸಿ ನಿಲ್ಲಿಸುವವನು ಹೋಲ್ಡರ್. ಎನ್‌ಎಫ್‌ಎಲ್‌ನಲ್ಲಿ ಈಗ ಈ ಕೆಲಸ ಹೆಚ್ಚಾಗಿ ಪಂಟರ್‌ದೇ. ಒಳ್ಳೆ ಕಿಕ್ಕರ್ ಇರುವ ತಂಡ, ಅವನಿಗೆ ಹಿಡಿಸಿದ ಹೋಲ್ಡರ್‌ನನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಎರಡು ಯಾರ್ಡ್ ಕಡಿಮೆ ಒದೆಯುವ ಪಂಟರ್ ಇದರಿಂದಲೇ ಕೆಲಸ ಉಳಿಸಿಕೊಳ್ಳಬಹುದು.

ಆಟ ಶುರುಮಾಡುವ ಒದೆತವಾದ ಕಿಕ್‌ಆಫ್ ಕೂಡ ಹೊಡೆಯಬಲ್ಲವನಾದರೆ ಇನ್ನೂ ಬೆಲೆ. 2010ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ (ಎನ್‌ಎಫ್‌ಎಲ್ ಫೈನಲ್) ಸೇಂಟ್ಸ್ ತಂಡ ದ್ವಿತೀಯಾರ್ಧವನ್ನು ಅಚ್ಚರಿಯ ಆನ್‌ಸೈಡ್ ಕಿಕ್‌ನಿಂದ (ಚೆಂಡು ತಮಗೇ ಮತ್ತೆ ಸಿಗಲಿ ಅಂತ ಹತ್ತಿರಕ್ಕೆ ಒದೆಯುವುದು) ಶುರುಮಾಡಿ ಆಟದ ದಿಕ್ಕನ್ನೇ ತಿರುಗಿಸಿತಲ್ಲ, ಅದನ್ನು ಒದ್ದವರು ಪಂಟರ್ ಥಾಮಸ್ ಮೋರ್‌ಸ್ಟೆಡ್. ಆಗ ಅವರಿಗೆ ಅದು ಮೊದಲ ಸೀಸನ್. ಹೆಕ್ಕರ್ ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆದು ಆಟ ನಡೆಸುವವರು, ಆಗಿದ್ದರು. ಪಂಟ್ ಒದೆಯುವ ನಾಟಕ ಮಾಡಿ ಪಾಸ್ ಎಸೆಯುವುದರಲ್ಲಿ ಹೆಸರು ಮಾಡಿದರು. ಎದುರಾಳಿ ತಂಡ ಆ ಭಯಕ್ಕೇ ಮುನ್ನುಗ್ಗಲು ಹಿಂದೆಮುಂದೆ ನೋಡುತ್ತಿತ್ತು.

ಯಾವ ಶೈಲಿ ಕಲಿಯುವುದು?

ಇದು ಬರೀ ರುಚಿಯ ವಿಷಯ ಅಂದುಕೊಂಡರೆ ಮುಂದೆ ಏಟು ತಿನ್ನುತ್ತೀರಿ. ಹಳೆಯ ಅಮೆರಿಕನ್ ಶೈಲಿಯಲ್ಲಿ ಚೆಂಡು ಸುರುಳಿ ತಿರುಗುತ್ತ ಎತ್ತರಕ್ಕೆ ಹೋಗುತ್ತದೆ. ದೂರಕ್ಕೆ ಇದೇ ಸರಿ. ಆಸ್ಟ್ರೇಲಿಯಾದ ಡ್ರಾಪ್ ಪಂಟ್‌ನಲ್ಲಿ ಚೆಂಡು ಹಿಮ್ಮುಖವಾಗಿ ಲಾಗ ಹಾಕುತ್ತ ಹೋಗುತ್ತದೆ. ಬಿದ್ದ ಮೇಲೆ ಮುಂದಕ್ಕೆ ಜಿಗಿಯದೆ ಅಲ್ಲೇ ನಿಲ್ಲುವ, ಕೆಲವೊಮ್ಮೆ ಹಿಂದಕ್ಕೇ ಪುಟಿಯುವ ಸಾಧ್ಯತೆ ಜಾಸ್ತಿ. ಗೋಲ್ ಗೆರೆಗೆ ಐದಾರು ಯಾರ್ಡ್ ಮೊದಲು ಚೆಂಡು ನಿಲ್ಲಿಸಬೇಕಾದಾಗ ಇದು ಬೇಕೇ ಬೇಕು. ಆಸ್ಟ್ರೇಲಿಯಾದಿಂದ ಬಂದ ಡ್ಯಾರೆನ್ ಬೆನೆಟ್ 1995ರಿಂದ ಸ್ಯಾನ್ ಡಿಯಾಗೋ ತಂಡದಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆ ಅಮೆರಿಕದವರೂ ಕಲಿತರು.

ಮೂರನೆಯದು ರಗ್ಬಿ ಶೈಲಿ. ಪಂಟರ್ ಪಕ್ಕಕ್ಕೆ ಓಡುತ್ತ ಒದೆಯುತ್ತಾನೆ. ಕಾಲೇಜು ಆಟದಲ್ಲಿ ಇದು ಎಲ್ಲೆಲ್ಲೂ ಕಾಣುತ್ತದೆ, ಎನ್‌ಎಫ್‌ಎಲ್‌ನಲ್ಲಿ ಅಪರೂಪ. ಕಾರಣ ನಿಯಮದಲ್ಲಿದೆ. ಕಾಲೇಜಿನಲ್ಲಿ ಸ್ನ್ಯಾಪ್ ಆದ ತಕ್ಷಣ ಪಂಟ್ ತಂಡದವರೆಲ್ಲ ಮುಂದಕ್ಕೆ ಓಡಬಹುದು. ಹಾಗಾಗಿ ಪಂಟರ್ ಓಡುತ್ತ ಹೊತ್ತು ಕಳೆದಷ್ಟೂ ಅವನ ತಂಡಕ್ಕೇ ಲಾಭ. ಎನ್‌ಎಫ್‌ಎಲ್‌ನಲ್ಲಿ ಒದೆಯುವ ಮೊದಲು ಎರಡು ತುದಿಯ ಇಬ್ಬರಷ್ಟೇ ಮುಂದೆ ಹೋಗಬಹುದು. ಅಲ್ಲಿ ಓಡುತ್ತ ಹೊತ್ತು ಕಳೆದರೆ ಅಂಥ ಲಾಭವಿಲ್ಲ.

ಹಾಗಾಗಿ ಕಾಲೇಜಿನವರೆಗೆ ಸಾಕು ಅನ್ನುವವನು ರಗ್ಬಿ ಶೈಲಿ ಚೆನ್ನಾಗಿ ಕಲಿಯಲಿ, ತಪ್ಪಿಲ್ಲ. ಅದರಾಚೆಗೂ ಕನಸಿದ್ದರೆ ನಿಂತಲ್ಲೇ ಎತ್ತರಕ್ಕೆ ಒದೆಯುವ ಸುರುಳಿ ಪಂಟ್ ಮೊದಲು ಬರಬೇಕು, ಡ್ರಾಪ್ ಪಂಟ್ ಆಮೇಲೆ. ಕೋಚ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಅಂತ ನನ್ನ ಅನಿಸಿಕೆ.

ಕಾಲೇಜಿಗೆ ಹೋಗುವ ದಾರಿಗಳು

ಹೈಸ್ಕೂಲ್ ಮುಗಿದು ಮೂರು ವರ್ಷ ಆಗದೆ ಎನ್‌ಎಫ್‌ಎಲ್ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಹೆಚ್ಚಿನವರಿಗೆ ಕಾಲೇಜೇ ದಾರಿ. ಆದರೆ ಲೈನ್‌ಮನ್‌ಗಳಿಗೂ ಕ್ವಾರ್ಟರ್‌ಬ್ಯಾಕ್‌ಗಳಿಗೂ ಸಿಗುವ ಹಾಗೆ ಹೈಸ್ಕೂಲ್ ಪಂಟರ್‌ಗೆ ಸ್ಕಾಲರ್‌ಶಿಪ್ ಹುಡುಕಿಕೊಂಡು ಬರುವುದಿಲ್ಲ. ಒಂದು ಕಾಲೇಜಿಗೆ ಮೂರ್ನಾಲ್ಕು ವರ್ಷಕ್ಕೆ ಒಬ್ಬ ಪಂಟರ್ ಸಾಕು. ಕೋಲ್ಸ್ ಕಿಕ್ಕಿಂಗ್, ಕ್ರಿಸ್ ಸೈಲರ್ ಕಿಕ್ಕಿಂಗ್‌ನಂಥ ಕ್ಯಾಂಪ್‌ಗಳು ಹುಡುಗರಿಗೆ ನಕ್ಷತ್ರ ಕೊಟ್ಟು ಪಟ್ಟಿ ಮಾಡುತ್ತವೆ. ಕಾಲೇಜು ಕೋಚ್‌ಗಳು ಆ ಪಟ್ಟಿ ನೋಡುತ್ತಾರೆ. ಹಾಗಾಗಿ ಒಂದೆರಡು ಸಲ ಹೋಗಿಬರುವುದು ಸರಿ. ಪ್ರತಿ ಬೇಸಿಗೆ ಊರೂರು ಅಲೆದು ಶುಲ್ಕ, ವಿಮಾನ, ಹೋಟೆಲ್ ಅಂತ ಸುರಿಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಆ ಹಣದಲ್ಲಿ ಮನೆ ಹತ್ತಿರದ ಮೈದಾನದಲ್ಲಿ ಒಳ್ಳೆ ಸ್ನ್ಯಾಪರ್ ಜೊತೆ ಅಭ್ಯಾಸ ಮಾಡಲಿ.

ಇನ್ನೊಂದು ದಾರಿ ವಾಕ್-ಆನ್. ಸ್ವಂತ ಖರ್ಚಲ್ಲಿ ಕಾಲೇಜು ಸೇರಿ, ತಂಡದಲ್ಲಿ ಜಾಗ ಗಳಿಸಿ, ಆಮೇಲೆ ಸ್ಕಾಲರ್‌ಶಿಪ್ ಪಡೆಯುವುದು. ಪಂಟರ್‌ಗಳಲ್ಲಿ ಹೀಗೆ ಬಂದವರು ತುಂಬ. ಆದರೆ 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಹೌಸ್ ಪ್ರಕರಣದ (ಕಾಲೇಜು ಆಟಗಾರರಿಗೆ ಹಣ ಕೊಡುವ ಬಗ್ಗೆ ನಡೆದ ಮೊಕದ್ದಮೆ) ರಾಜಿಯಿಂದ ಈ ದಾರಿ ಕಿರಿದಾಗಿದೆ. ಆ ವ್ಯವಸ್ಥೆಗೆ ಸೇರಿದ ಕಾಲೇಜುಗಳ ಫುಟ್‌ಬಾಲ್ ತಂಡಕ್ಕೆ ಈಗ 105 ಆಟಗಾರರ ಮಿತಿ. ಮೊದಲು ಮೂಲೆಯಲ್ಲಿ ಎರಡನೇ, ಮೂರನೇ ಪಂಟರ್‌ಗೂ ಜಾಗವಿತ್ತು. ಈಗ ಕೋಚ್ ಎರಡು ಸಲ ಯೋಚಿಸುತ್ತಾರೆ.

ಓದಿನಲ್ಲಿ ಗಟ್ಟಿ ಇರುವ ಹುಡುಗನಿಗೆ ನಾನು ಹೇಳುವ ದಾರಿ ಬೇರೆ. ಐವಿ ಲೀಗ್ ಮತ್ತು ಡಿವಿಷನ್ 3 ಕಾಲೇಜುಗಳಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ. ಆದರೆ ಕೋಚ್‌ಗೆ ಬೇಕಾದ ಹುಡುಗ ಅಂತಾದರೆ ಪ್ರವೇಶಕ್ಕೆ ಅನುಕೂಲ. ನಮ್ಮ ಎಷ್ಟೋ ಮನೆಗಳಿಗೆ ಇದು ಎನ್‌ಎಫ್‌ಎಲ್ ಕನಸಿಗಿಂತ ಹೆಚ್ಚು ಬೆಲೆಬಾಳುವ ಲಾಭ.

ಪೈಪೋಟಿ ಎಲ್ಲಿಂದ ಬರುತ್ತಿದೆ ಅಂತಲೂ ತಿಳಿದಿರಲಿ. ಕಾಲೇಜಿನ ಅತ್ಯುತ್ತಮ ಪಂಟರ್‌ಗೆ ಕೊಡುವ ರೇ ಗೈ ಪ್ರಶಸ್ತಿಯನ್ನು 2013ರಿಂದ 2017ರವರೆಗೆ ಐದೂ ವರ್ಷ ಆಸ್ಟ್ರೇಲಿಯಾದವರೇ ಗೆದ್ದರು. ಮೆಲ್ಬರ್ನ್‌ನಲ್ಲಿ ನೇಥನ್ ಚಾಪ್‌ಮನ್ 2007ರಲ್ಲಿ ಕಟ್ಟಿದ ಪ್ರೋಕಿಕ್ ಆಸ್ಟ್ರೇಲಿಯಾ ಇದರ ಹಿಂದಿರುವ ದೊಡ್ಡ ಹೆಸರು. ಆಸ್ಟ್ರೇಲಿಯನ್ ರೂಲ್ಸ್ ಆಟದಲ್ಲಿ ಚಿಕ್ಕಂದಿನಿಂದ ಕೈಯಿಂದ ಬಿಟ್ಟು ಒದ್ದವರನ್ನು ಆರಿಸಿ, ತರಬೇತಿ ಕೊಟ್ಟು, ಅಮೆರಿಕದ ಕಾಲೇಜುಗಳಿಗೆ ಕಳಿಸುತ್ತದೆ. ಮಿಚ್ ವಿಷ್ನೌಸ್ಕಿ ಪರ್ತ್‌ನಲ್ಲಿ ಕಿಟಕಿ ಗಾಜು ಕೂರಿಸುವ ಕೆಲಸದಲ್ಲಿದ್ದವರು. ಈ ದಾರಿಯಲ್ಲೇ ಯೂಟಾ ಯೂನಿವರ್ಸಿಟಿಗೆ ಹೋಗಿ, 2019ರ ಡ್ರಾಫ್ಟ್‌ನ (ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವುದು) ನಾಲ್ಕನೇ ಸುತ್ತಿನಲ್ಲಿ 49ಅರ್ಸ್ ತಂಡ ಸೇರಿದರು. 18 ವರ್ಷದ ಅಮೆರಿಕನ್ ಹುಡುಗ ಪೈಪೋಟಿ ಮಾಡಬೇಕಾಗಿರುವುದು ಇಪ್ಪತ್ತು ದಾಟಿದ, ಮೈ ಬಲಿತ ಇಂಥವರ ಜೊತೆ. ಹಾಗೆ ನೋಡಿದರೆ ಮೆಲ್ಬರ್ನ್‌ನಲ್ಲಿ ರೂಲ್ಸ್ ಆಡುತ್ತ ಬೆಳೆದ ಕನ್ನಡಿಗರ ಹುಡುಗನಿಗೆ ಡಲ್ಲಾಸ್ ಹುಡುಗನಿಗಿಂತ ಒಂದು ಹೆಜ್ಜೆ ಮುಂದಿನ ಜಾಗ.

ವೀಸಾ ಲೆಕ್ಕ

ಹೊರಗಿನಿಂದ ಬಂದ ಮನೆಗಳು ಇದನ್ನು ಬೇರೆಯಾಗಿಯೇ ನೋಡಬೇಕು. ಕಾಲೇಜು ಆಟಗಾರರು ಈಗ ತಮ್ಮ ಹೆಸರು, ಮುಖದಿಂದ ಹಣ ಮಾಡಬಹುದು. ಅಮೆರಿಕದಲ್ಲಿ ಹುಟ್ಟಿದ ಮಗನಿಗೂ ಗ್ರೀನ್ ಕಾರ್ಡ್ ಇದ್ದವನಿಗೂ ತೊಡಕಿಲ್ಲ. ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದವನಿಗೆ ಕೆಲಸದ ಮಿತಿಗಳಿವೆ, ಎಚ್-4ನಲ್ಲಿರುವ (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಆಧಾರದ ಮೇಲೆ ಇರುವ) ಮಗುವಿಗೂ ಅಷ್ಟೇ. ಅಯೋವಾ ತಂಡದ ಟೋರಿ ಟೇಲರ್ ಮೆಲ್ಬರ್ನ್‌ನವರು. ಅವರ ಹೆಸರಲ್ಲಿ ಪಂಟ್ ಬಗ್ಗೆಯೇ ಟಿ-ಶರ್ಟ್‌ಗಳು ಮಾರಾಟವಾದವು, ಬಂದ ಹಣ ದಾನಕ್ಕೆ ಹೋಯಿತು. ವೀಸಾ ಕಾರಣಕ್ಕೆ ಅವರು ಅದನ್ನು ಜೇಬಿಗೆ ಹಾಕಿಕೊಳ್ಳುವಂತಿರಲಿಲ್ಲ. ಅಂಥವರು 2023ರಲ್ಲಿ ಒಂದೇ ಸೀಸನ್‌ನಲ್ಲಿ 4,479 ಯಾರ್ಡ್ ಪಂಟ್ ಮಾಡಿ 1938ರಿಂದ ಇದ್ದ ದಾಖಲೆ ಮುರಿದರು, ಮರುವರ್ಷ ಷಿಕಾಗೋ ಬೇರ್ಸ್ ಅವರನ್ನು ನಾಲ್ಕನೇ ಸುತ್ತಿನಲ್ಲಿ ಆರಿಸಿತು.

ಎಚ್-4ನಲ್ಲಿರುವ ಮಗ 21 ತುಂಬಿದ ದಿನ ಆ ವೀಸಾದಿಂದ ಹೊರಬೀಳುತ್ತಾನೆ. ಅದು ಕಾಲೇಜು ಆಟದ ಮಧ್ಯದಲ್ಲೇ ಬರುವ ವಯಸ್ಸು. ಕೋಚ್‌ಗಳಿಗೆ ಇದು ಗೊತ್ತಿರುವುದಿಲ್ಲ. ಕ್ಯಾಂಪಿಗೆ ಹಣ ಕಟ್ಟುವ ಮೊದಲು ವಕೀಲರ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿ.

ಡ್ರಾಫ್ಟ್ ಆಗುವುದು, ಆಗದಿರುವುದು

ಬೇರೆ ಸ್ಥಾನದ ಆಟಗಾರನಿಗೆ ಡ್ರಾಫ್ಟ್ ಆಗದಿದ್ದರೆ ಅದು ದೊಡ್ಡ ಹೊಡೆತ. ಪಂಟರ್‌ಗೆ ಅಷ್ಟೇನೂ ಅಲ್ಲ. ಮೊದಲ ಸುತ್ತಿನಲ್ಲಿ ಆಯ್ಕೆಯಾದ ಪಂಟರ್ ಅಂದರೆ ರೇ ಗೈ. 1973ರಲ್ಲಿ ಓಕ್ಲಂಡ್ ರೈಡರ್ಸ್ 23ನೆಯವರಾಗಿ ಆರಿಸಿತು. 2014ರಲ್ಲಿ ಹಾಲ್ ಆಫ್ ಫೇಮ್ ಸೇರಿದಾಗ, ಬರೀ ಪಂಟರ್ ಆಗಿದ್ದು ಅಲ್ಲಿಗೆ ಹೋದವರಲ್ಲಿ ಅವರೇ ಮೊದಲಿಗರು. 2012ರಲ್ಲಿ ಜಾಕ್ಸನ್‌ವಿಲ್ ತಂಡ ಮೂರನೇ ಸುತ್ತಿನಲ್ಲಿ ಬ್ರಯನ್ ಆಂಗರ್ ಎಂಬ ಪಂಟರನ್ನು ತೆಗೆದುಕೊಂಡಿತು. ಐದು ಹೆಸರು ಆದಮೇಲೆ ಸಿಯಾಟಲ್ ತಂಡ ರಸೆಲ್ ವಿಲ್ಸನ್ ಎಂಬ ಕ್ವಾರ್ಟರ್‌ಬ್ಯಾಕನ್ನು ಆರಿಸಿತು. ಆಂಗರ್ ಚೆನ್ನಾಗಿಯೇ ಆಡಿದರು. ಆದರೂ ಜನ ಇವತ್ತಿಗೂ ಜಾಕ್ಸನ್‌ವಿಲ್‌ನವರನ್ನು ಗೇಲಿ ಮಾಡುತ್ತಾರೆ. ಪಂಟರ್‌ಗಳನ್ನು ಮೇಲಿನ ಸುತ್ತುಗಳಲ್ಲಿ ಮುಟ್ಟಲು ತಂಡಗಳು ಯಾಕೆ ಹೆದರುತ್ತವೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಫೀಗಲ್ಸ್, ಹೆಕ್ಕರ್, ಸ್ಟೋನ್‌ಹೌಸ್, ರೈಡರ್ಸ್‌ನ ಎ.ಜೆ. ಕೋಲ್, ಲಯನ್ಸ್‌ನ ಜ್ಯಾಕ್ ಫಾಕ್ಸ್. ಇವರಲ್ಲಿ ಯಾರೂ ಡ್ರಾಫ್ಟ್ ಆದವರಲ್ಲ. ಏಳನೇ ಸುತ್ತಿನಲ್ಲಿ ಆಯ್ಕೆಯಾದರೆ ಯಾವ ತಂಡ ಕರೆಯಿತೋ ಅಲ್ಲಿಗೇ ಹೋಗಬೇಕು. ಅಲ್ಲಿ ಹತ್ತು ವರ್ಷದ ಹಳಬ ಕೂತಿರಬಹುದು. ಆಯ್ಕೆಯಾಗದಿದ್ದರೆ ಯಾವ ತಂಡದಲ್ಲಿ ಪಂಟರ್ ಜಾಗ ಅಲುಗಾಡುತ್ತಿದೆ ಅಂತ ನೋಡಿ ನೀವೇ ಆರಿಸಬಹುದು. ಆರು, ಏಳನೇ ಸುತ್ತಿನ ಮಟ್ಟಿಗೆ ಆಯ್ಕೆಯಾಗದಿರುವುದೇ ವಾಸಿ ಅನ್ನುವ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಆರಿಸುವಾಗ ಕ್ರೀಡಾಂಗಣವನ್ನೂ ನೋಡಬೇಕು. ಛಾವಣಿಯ ಕೆಳಗೆ ಒದೆಯುವುದೂ ಡಿಸೆಂಬರ್‌ನಲ್ಲಿ ಬಫಲೋದ ಗಾಳಿಗೆ ಒದೆಯುವುದೂ ಒಂದೇ ಅಲ್ಲ.

ಜಾಗ ಸಿಗದಿದ್ದರೆ ಪ್ರಾಕ್ಟೀಸ್ ಸ್ಕ್ವಾಡ್, ಅಂದರೆ ತಂಡದ ಜೊತೆ ಅಭ್ಯಾಸ ಮಾಡುವ ಮೀಸಲು ಗುಂಪು. 2025ರಲ್ಲಿ ವಾರಕ್ಕೆ 13,000 ಡಾಲರ್ ಕನಿಷ್ಠ. ಆದರೆ ಅಲ್ಲಿ ಎರಡನೇ ಪಂಟರನ್ನು ಇಡುವ ತಂಡಗಳು ಕಡಿಮೆ. ವಸಂತದಲ್ಲಿ ನಡೆಯುವ ಯುಎಫ್‌ಎಲ್ ಇದೆ, ಕೆನಡಾದ ಸಿಎಫ್‌ಎಲ್ ಇದೆ. ಕೆನಡಾದಲ್ಲಿ ನಾಲ್ಕರ ಬದಲು ಮೂರೇ ಅವಕಾಶ. ಹಾಗಾಗಿ ಪಂಟ್ ಜಾಸ್ತಿ, ವಿಡಿಯೋಗೆ ಸರಕೂ ಜಾಸ್ತಿ. ಸಂಬಳ ಎನ್‌ಎಫ್‌ಎಲ್‌ನ ಹತ್ತಿರಕ್ಕೂ ಬರುವುದಿಲ್ಲ. ಆದರೂ ಮನೆಯಲ್ಲಿ ಕೂತು ಫೋನ್ ಕಾಯುವುದಕ್ಕಿಂತ ಅಲ್ಲಿ ಒದೆಯುತ್ತಿರುವುದು ಮೇಲು. ಅಮೆರಿಕದ ಹೊರಗಿನವರಿಗೆ ಎನ್‌ಎಫ್‌ಎಲ್‌ನದೇ ಇಂಟರ್‌ನ್ಯಾಷನಲ್ ಪ್ಲೇಯರ್ ಪಾತ್‌ವೇ ಯೋಜನೆಯಿದೆ. ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದ ಚಾರ್ಲಿ ಸ್ಮಿತ್ 2024ರಲ್ಲಿ ಇದರ ಮೂಲಕವೇ ಸೇಂಟ್ಸ್ ಸೇರಿದರು, ಕಿಕ್ಕರ್ ಆಗಿ.

ಪಂಟ್ ಕಡಿಮೆಯಾಗುತ್ತಿದೆ

ಇದು ಪಂಟರ್ ಕೆಲಸದ ವಿರುದ್ಧ ಇರುವ ಗಟ್ಟಿ ವಾದ. ನಾಲ್ಕನೇ ಅವಕಾಶದಲ್ಲೂ ಒದೆಯದೆ ಆಡಿಬಿಡುವುದೇ ಲಾಭ ಅಂತ ಲೆಕ್ಕ ಹಾಕುವವರು ತೋರಿಸಿದ ಮೇಲೆ ಕೋಚ್‌ಗಳ ಧೈರ್ಯ ಹೆಚ್ಚಿದೆ. ಮೊದಲು ಒಂದು ತಂಡ ಪಂದ್ಯಕ್ಕೆ ಐದರ ಆಸುಪಾಸು ಪಂಟ್ ಮಾಡುತ್ತಿತ್ತು, ಈಗ ಅದು ನಾಲ್ಕರ ಸುತ್ತ ಇಳಿದಿದೆ. ಅರ್ಕನ್ಸಾದ ಪುಲಾಸ್ಕಿ ಅಕಾಡೆಮಿ ಹೈಸ್ಕೂಲಿನ ಕೋಚ್ ಕೆವಿನ್ ಕೆಲಿ ಹೆಚ್ಚುಕಡಿಮೆ ಪಂಟೇ ಮಾಡದೆ ಚಾಂಪಿಯನ್‌ಶಿಪ್‌ಗಳನ್ನು ಗೆದ್ದರು. 2022ರ ಜನವರಿಯ ಪ್ಲೇಆಫ್‌ನಲ್ಲಿ ಬಫಲೋ ಬಿಲ್ಸ್ ಪೇಟ್ರಿಯಟ್ಸ್ ತಂಡವನ್ನು 47-17ರಿಂದ ಸೋಲಿಸಿದಾಗ ಬಫಲೋ ಪಂಟರ್‌ಗೆ ಒಂದು ಪಂಟ್ ಒದೆಯುವ ಕೆಲಸವೂ ಬರಲಿಲ್ಲ.

ಹಾಗಂತ ಜಾಗಗಳು ಕಡಿಮೆಯಾಗಿಲ್ಲ. 32 ತಂಡಕ್ಕೂ ಪಂಟರ್ ಬೇಕು. ಬದಲಾಗಿರುವುದು ಕೆಲಸದ ಸ್ವರೂಪ. ಅವಕಾಶ ಕಡಿಮೆಯಾದಷ್ಟೂ ಒಂದೊಂದು ಪಂಟಿನ ತೂಕ ಹೆಚ್ಚು. ಚಳಿಯಲ್ಲಿ ಎರಡು ಗಂಟೆ ಸುಮ್ಮನೆ ನಿಂತು, ಒಮ್ಮೆಗೇ ಕರೆದಾಗ ಹೋಗಿ ಸರಿಯಾಗಿ ಒದೆಯಬೇಕು. ಇದು ಆಗದವನಿಗೆ ಕಾಲಲ್ಲಿ ಎಷ್ಟು ಬಲವಿದ್ದರೂ ಉಪಯೋಗವಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಒತ್ತಡದಲ್ಲಿ ತಲೆ ತಣ್ಣಗಿರುವ, ತಪ್ಪಿದ ಮರುಕ್ಷಣ ಮರೆಯಬಲ್ಲ ಸಾಕರ್ ಹುಡುಗನಾದರೆ ಕಿಕ್ಕರ್. ದುಡ್ಡೂ ಇದೆ, ಇಪ್ಪತ್ತೇಳು ಇಪ್ಪತ್ತೆಂಟಕ್ಕೂ ಬಾಗಿಲು ಮುಚ್ಚಿರುವುದಿಲ್ಲ. ಎತ್ತರವಿದ್ದು, ಕೈ ಚುರುಕಾಗಿದ್ದು, ಒಂದೇ ಕೆಲಸವನ್ನು ಬೇಸರವಿಲ್ಲದೆ ಸಾವಿರ ಸಲ ಮಾಡುವ ಸ್ವಭಾವವಾದರೆ ಪಂಟರ್. ಹೋಲ್ಡಿಂಗ್ ಮೊದಲ ದಿನದಿಂದಲೇ ಕಲಿಯಲಿ. ಹೈಸ್ಕೂಲಿನಲ್ಲಂತೂ ಎರಡನ್ನೂ ಮಾಡಲಿ, ಆರಿಸುವ ಅವಸರ ಬೇಡ. ಹೆಚ್ಚಿನ ಹೈಸ್ಕೂಲ್ ತಂಡಗಳಲ್ಲಿ ಎರಡೂ ಕೆಲಸ ಒಬ್ಬನೇ ಮಾಡುವುದುಂಟು. ಕಾಲೇಜಿನ ಎರಡನೇ ವರ್ಷದ ಹೊತ್ತಿಗೆ ಕೋಚ್‌ಗಳೇ ಒಂದನ್ನು ಬಿಡಿಸುತ್ತಾರೆ.

ಬಿಡುವ ಹೊತ್ತನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಎನ್‌ಎಫ್‌ಎಲ್‌ನಲ್ಲಿ ಮೂರು ಸೀಸನ್ ಲೆಕ್ಕಕ್ಕೆ ಬಂದರೆ ಪಿಂಚಣಿ ಹಕ್ಕು ಬರುತ್ತದೆ. ಎರಡು ಮುಗಿಸಿ ಕೆಲಸ ಹೋದವನು ಮೂರನೆಯದಕ್ಕಾಗಿ ಇನ್ನೊಂದು ವರ್ಷ ಟ್ರೈಔಟ್ ಸುತ್ತುವುದರಲ್ಲಿ ಅರ್ಥವಿದೆ. ಒಂದೂ ಆಗದವನು ಮೂರು ವರ್ಷ ಸುತ್ತುವುದನ್ನು ನಾನು ಒಪ್ಪುವುದಿಲ್ಲ. ಪ್ಯಾಟ್ ಮ್ಯಾಕಫಿ ಇಂಡಿಯಾನಾಪೊಲಿಸ್‌ನಲ್ಲಿ ಎಂಟು ಸೀಸನ್ ಆಡಿ, ಇನ್ನೂ ಚೆನ್ನಾಗಿ ಒದೆಯುತ್ತಿದ್ದಾಗಲೇ 29ಕ್ಕೆ ಬಿಟ್ಟು ಮಾತಿನ ಕಾರ್ಯಕ್ರಮಕ್ಕೆ ಹೋದರು. ಇವತ್ತು ಎಷ್ಟೋ ಜನರಿಗೆ ಅವರು ಟಿವಿಯಿಂದಲೇ ಗೊತ್ತು. ಅಂಥ ಬಾಯಿ ಎಲ್ಲರಿಗೂ ಇರುವುದಿಲ್ಲ. ಅದಕ್ಕೇ ಕಾಲೇಜು ಬಿಡುವ ಮೊದಲು ಡಿಗ್ರಿ ಕೈಯಲ್ಲಿರಲಿ. ಡ್ರಾಫ್ಟ್‌ಗೆ ಅಂತ ಕೊನೆಯ ಸೆಮಿಸ್ಟರ್ ಬಿಟ್ಟು ಹೋಗುವ ಅಗತ್ಯ ಪಂಟರ್‌ಗೆ ಇಲ್ಲವೇ ಇಲ್ಲ. ಡ್ರಾಫ್ಟ್ ನಡೆಯುವುದು ಏಪ್ರಿಲ್ ಕೊನೆಗೆ, ಪರೀಕ್ಷೆ ಮೇ ತಿಂಗಳಲ್ಲಿ.